ಸೆಂಟ್ರಿಂಗ್ ಬಿಚ್ಚುವ ದಿನ

ಚಿ. ನಿಧಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಮನೆಯ ಸುದ್ದಿ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿಮ್ಮ ಕಾಲೇಜಿನಲ್ಲಿ ಆಲ್ಫಾ ರೋ ಕೈ (ಆರ್ಕಿಟೆಕ್ಚರ್ ಮತ್ತು ಅದರ ನಂಟಿನ ವಿಷಯ ಓದುವವರ ಅಮೆರಿಕದ ಫ್ರೆಟರ್ನಿಟಿ, ಅಂದರೆ ವಿದ್ಯಾರ್ಥಿ ಸಂಘ) ಚಾಪ್ಟರ್, ಅಂದರೆ ಅದರ ಶಾಖೆ, ತೆರೆಯೋದಕ್ಕೆ ಕೇಂದ್ರ ಸಮಿತಿಯವರು ಏನೇನು ಕೇಳುತ್ತಾರೆ ಅನ್ನುವ ಪಟ್ಟಿ ನಿನ್ನ ಕೈಯಲ್ಲೇ ಇದೆ, ಅದನ್ನೂ ಇಲ್ಲಿ ಬರೆಯೋದಿಲ್ಲ. ಕೊನೆಯಲ್ಲಿ, ಸಹಿಗೆ ಮುಂಚೆ, ಒಂದು ಸಾಲು ಬರೆದಿದ್ದೀಯಲ್ಲ, "ನಾನು ಹೋದಮೇಲೆ ಇದು ನಿಲ್ಲುತ್ತಾ ಮಾವ?" ಅಂತ. ಅದೊಂದೇ ಸಾಲು ನಾಲ್ಕು ದಿನದಿಂದ ತಲೆಯಲ್ಲಿ ಕೂತಿದೆ.

ನಿನ್ನ ಭಯ ಸುಮ್ಮನೆ ಹುಟ್ಟಿದ್ದಲ್ಲ. ನೀನೇ ಕೊಟ್ಟ ಲೆಕ್ಕ ನೋಡು: ಒಟ್ಟು ಹದಿನಾಲ್ಕು ಜನ. ಒಂಬತ್ತು ಜನ ನಿನ್ನದೇ ಬ್ಯಾಚು, ಮೂವರು ಮೂರನೇ ವರ್ಷ, ಇಬ್ಬರು ಎರಡನೇ ವರ್ಷ. ಮೊದಲ ವರ್ಷದವರು ಒಬ್ಬರೂ ಇಲ್ಲ. ಐದು ವರ್ಷದ ಬಿ.ಆರ್ಕ್‌ನಲ್ಲಿ ನಿನಗೆ ಉಳಿದಿರೋದು ಮೂರು ಸೆಮಿಸ್ಟರ್. ಮುಂದಿನ ವರ್ಷ ಮೇ ತಿಂಗಳಲ್ಲಿ ಒಂದೇ ದಿನ ಒಂಬತ್ತು ಜನ ಗೌನು ಹಾಕಿಕೊಂಡು ಹೊರಟುಬಿಡುತ್ತೀರಿ. ಇನ್ನೊಂದು ವಿಷಯ ನಿನ್ನ ಗಮನಕ್ಕೆ ಬಂದಿದೆಯೋ ಇಲ್ಲವೋ, ನಿಮ್ಮಲ್ಲಿ ಮೂರನೇ ವರ್ಷದವರನ್ನು ಸ್ಪ್ರಿಂಗ್ ಸೆಮಿಸ್ಟರಿಗೆ (ಜನವರಿಯಿಂದ ಮೇ) ರೋಮ್‌ಗೆ ಕಳಿಸುತ್ತಾರೆ. ಈ ಸ್ಪ್ರಿಂಗ್‌ನಲ್ಲಿ ಆ ಮೂವರು ಊರಲ್ಲಿರೋದಿಲ್ಲ. ಮುಂದಿನ ಸ್ಪ್ರಿಂಗ್‌ನಲ್ಲಿ, ನೀನು ಹೊರಡುವ ಹೊತ್ತಿಗೆ ಸರಿಯಾಗಿ, ಇನ್ನಿಬ್ಬರೂ ಇರೋದಿಲ್ಲ. ಆರ್ಕಿಟೆಕ್ಚರ್ ಕಾಲೇಜಿನ ಚಾಪ್ಟರ್‌ಗಳು ಹೆಚ್ಚಾಗಿ ಜಗಳದಿಂದ ಸಾಯೋದಿಲ್ಲ, ಹೀಗೆ ಕ್ಯಾಲೆಂಡರಿನಿಂದ ಸಾಯುತ್ತವೆ.

ಹಾಗಾಗಿ ಬರುವ ಫೆಬ್ರವರಿಯಲ್ಲಿ ಮೊದಲ ವರ್ಷದವರನ್ನು ಆರೇಳು ಜನರನ್ನಾದರೂ ಸೇರಿಸಿಕೊ. ಒಟ್ಟು ಇಪ್ಪತ್ತನಾಲ್ಕು ಮುಟ್ಟಿದರೆ ಸಾಕು, ನಿಮ್ಮದನ್ನು ಬಿಟ್ಟು ಬೇರೆ ಯಾವ ಒಂದು ಬ್ಯಾಚೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿರಬಾರದು. ಮೊದಲ ವರ್ಷ ಮುಗಿದಮೇಲೆ ಕೆಲವರು ಕೋರ್ಸನ್ನೇ ಬದಲಾಯಿಸುತ್ತಾರೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊ. ಎಂಟು ಜನ ಬಂದರೆ ಐದು ಜನ ನಿಲ್ಲುತ್ತಾರೆ ಅಂತ ಎಣಿಸಿಕೊಂಡು ನಡಿ. ಪಿಜ್ಜಾ ಕೊಟ್ಟರೆ ಬರುತ್ತಾರೆ, ತಿಂದು ಹೋಗುತ್ತಾರೆ. ಮೊದಲ ವರ್ಷದವರಿಗೆ ಬೇಕಿರೋದು ಬೇರೆ: ಲೇಸರ್ ಕಟರಿಗೆ ಫೈಲು ಹೇಗೆ ಕಳಿಸಬೇಕು, ಗೆರೆಯ ದಪ್ಪ ತಪ್ಪಾದರೆ ಕತ್ತರಿಸುವ ಬದಲು ಬರೀ ಗೀಚು ಯಾಕೆ ಬೀಳುತ್ತೆ, ದೊಡ್ಡ ಹಾಳೆ ಮುದ್ರಿಸುವ ಪ್ಲಾಟರಿನ ಮುಂದೆ ಕೊನೇ ರಾತ್ರಿ ಎಷ್ಟು ಉದ್ದ ಸಾಲು ನಿಲ್ಲುತ್ತೆ. ಅವರ ಮೊದಲ ಪಿನ್-ಅಪ್‌ಗೆ (ನಕ್ಷೆಗಳನ್ನು ಗೋಡೆಗೆ ಚುಚ್ಚಿ ತೋರಿಸೋದು) ಹತ್ತು ದಿನ ಮುಂಚೆ ಇದನ್ನು ಒಂದು ಸಂಜೆ ಹೇಳಿಕೊಡಿ. ಪೋಸ್ಟರ್ ಅಂಟಿಸಿ ಕಾಯಬೇಡ, ಸ್ಟುಡಿಯೋದಲ್ಲಿ ಅವರವರ ಡೆಸ್ಕಿನ ಹತ್ತಿರವೇ ಹೋಗಿ ಮಾತಾಡಿಸಿ. ರಿವ್ಯೂ ವಾರದಲ್ಲಿ ಮಾತ್ರ (ನಮ್ಮ ಕಡೆ ಜ್ಯೂರಿ ಅಂತೀವಲ್ಲ, ಅದೇ) ಯಾರನ್ನೂ ಯಾವುದಕ್ಕೂ ಕರೆಯಬೇಡ.

ಆಮೇಲೆ, ಆಲ್ಫಾ ರೋ ಕೈ ಆರ್ಕಿಟೆಕ್ಚರಿಗೆ ಮಾತ್ರ ಸೀಮಿತ ಅಲ್ಲ ಅನ್ನೋದನ್ನು ಬಳಸಿಕೊ. ಲ್ಯಾಂಡ್‌ಸ್ಕೇಪ್, ಇಂಟೀರಿಯರ್, ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದುವವರನ್ನೂ ಕರಿ. ಅವರ ರಿವ್ಯೂ ದಿನಗಳು ಬೇರೆ, ವಿದೇಶಕ್ಕೆ ಹೋಗುವ ಸೆಮಿಸ್ಟರ್ ಬೇರೆ. ನೀವೆಲ್ಲ ಒಟ್ಟಿಗೆ ಇಲ್ಲದ ತಿಂಗಳಲ್ಲಿ ಬಾಗಿಲು ತೆರೆದಿಡುವವರು ಅವರೇ. "ಎಐಎಎಸ್ ಇರುವಾಗ ಇನ್ನೊಂದು ಯಾಕೆ" ಅಂತ ನಿಮ್ಮ ಡೀನ್ ಕೇಳಿದರಂತಲ್ಲ (ಎಐಎಎಸ್ ಅಂದರೆ ಅಲ್ಲಿನ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಸ್ಥೆ), ಅದಕ್ಕೂ ನೇರವಾದ ಉತ್ತರ ಇದೇ ಅಂತ ನನಗನ್ನಿಸುತ್ತೆ.

ಮತ್ತೆ ಅದೇ ಸಾಲಿಗೆ ಬರುತ್ತೇನೆ, ಕ್ಷಮಿಸು. 1914ರ ಏಪ್ರಿಲ್ 11ರಂದು ಶಿಕಾಗೋದ ಶೆರ್ಮನ್ ಹೋಟೆಲಿನಲ್ಲಿ ಈ ಫ್ರೆಟರ್ನಿಟಿ ಹುಟ್ಟಿದಾಗ ಸೇರಿದ್ದು ಎರಡು ಸಂಘಗಳು, ಇಲಿನಾಯ್‌ನ ಆರ್ಕಸ್ ಮತ್ತು ಮಿಷಿಗನ್‌ನ ಸಿಗ್ಮಾ ಅಪ್ಸಿಲಾನ್. ಎರಡೂ ಆಗಲೇ ತಮ್ಮ ತಮ್ಮ ಊರಲ್ಲಿ ನಡೆಯುತ್ತಿದ್ದವು. ಯಾರೋ ಒಬ್ಬರು ಬೆನ್ನಮೇಲೆ ಹೊತ್ತು ತಂದಿದ್ದಲ್ಲ. ಇಲಿನಾಯ್ ಚಾಪ್ಟರಿಗೆ ಆಂಥೆಮಿಯೋಸ್ ಅಂತ ಹೆಸರಿಟ್ಟರು, ಮಿಷಿಗನ್ನಿನದಕ್ಕೆ ಇಕ್ಟಿನೋಸ್. ಪಾರ್ಥೆನಾನ್ ಕಟ್ಟಿದ ಇಕ್ಟಿನೋಸನ ವಿಷಯ ಇವತ್ತು ಬೇಡ. ಆಂಥೆಮಿಯೋಸನ ವಿಷಯ ಹೇಳುತ್ತೇನೆ.

ಅವನೂ ಇಸಿಡೋರ ಅನ್ನುವವನೂ ಸೇರಿ ಕ್ರಿ.ಶ. 532ರಲ್ಲಿ ಈಗಿನ ಇಸ್ತಾಂಬುಲಿನ ಹಾಗಿಯಾ ಸೋಫಿಯಾ ಚರ್ಚನ್ನು ಕಟ್ಟೋದಕ್ಕೆ ಶುರುಮಾಡಿದರು, 537ಕ್ಕೆ ಮುಗಿಯಿತು. ಅಷ್ಟು ದೊಡ್ಡ ಕಟ್ಟಡಕ್ಕೆ ಐದಾರು ವರ್ಷ ಏನೇನೂ ಸಾಲದು. ಇಟ್ಟಿಗೆಯಷ್ಟೇ ದಪ್ಪ ಗಾರೆ ಹಾಕಿದ್ದರು, ಆ ಗಾರೆ ಗಟ್ಟಿಯಾಗುವ ಮುಂಚೆಯೇ ಮೇಲಿನ ಭಾರ ಬಂತು. ಕಂಬಗಳು ಹೊರಕ್ಕೆ ವಾಲಿದವು. ಗುಮ್ಮಟವೂ ತೀರಾ ಚಪ್ಪಟೆಯಾಗಿತ್ತು, ಒತ್ತಡ ಕೆಳಗಿಳಿಯುವ ಬದಲು ಪಕ್ಕಕ್ಕೆ ತಳ್ಳುತ್ತಿತ್ತು. ಭೂಕಂಪ ಆಗಿ, 558ರಲ್ಲಿ ಗುಮ್ಮಟ ಬಿತ್ತು. ಅಷ್ಟು ಹೊತ್ತಿಗೆ ಆಂಥೆಮಿಯೋಸ್ ತೀರಿಕೊಂಡಿದ್ದ. ಇಸಿಡೋರನ ಒಡಹುಟ್ಟಿದವರ ಮಗ, ಅವನ ಹೆಸರೂ ಇಸಿಡೋರನೇ, ಮೊದಲಿಗಿಂತ ಸುಮಾರು ಆರು ಮೀಟರ್ ಎತ್ತರಿಸಿ 562ಕ್ಕೆ ಮತ್ತೆ ಕಟ್ಟಿದ. ಈಗ ಇಸ್ತಾಂಬುಲಿಗೆ ಹೋದವರು ತಲೆಯೆತ್ತಿ ನೋಡೋದು, ಆಮೇಲಿನ ರಿಪೇರಿಗಳನ್ನು ಬಿಟ್ಟರೆ, ಆ ಹುಡುಗನ ಗುಮ್ಮಟವನ್ನೇ.

ಇದನ್ನು ನಿನಗೆ ಸಮಾಧಾನ ಹೇಳೋದಕ್ಕೆ ಬರೆದೆನೋ ಹೆದರಿಸೋದಕ್ಕೋ ನನಗೇ ತಿಳಿಯುತ್ತಿಲ್ಲ. ಗಾರೆಗೆ ಹೊತ್ತು ಬೇಕು ಅನ್ನೋದು ಮಾತ್ರ ಮನಸ್ಸಿನಲ್ಲಿತ್ತು. ಚಾರ್ಟರನ್ನು (ಚಾಪ್ಟರಿಗೆ ಕೇಂದ್ರ ಸಮಿತಿ ಕೊಡುವ ಮಾನ್ಯತೆ ಪತ್ರ) ನಿನ್ನ ಗ್ರಾಜುಯೇಶನ್ನಿಗೆ ಮೊದಲೇ ಕೈಯಲ್ಲಿ ಹಿಡಿಯಬೇಕು ಅಂತ ಅವಸರ ಮಾಡಬೇಡ. ಅದು ಒಂದು ವರ್ಷ ತಡವಾಗಿ, ನೀನು ಕೆಲಸಕ್ಕೆ ಸೇರಿದ ಮೇಲೆ ಬಂದರೆ ನಿನಗೆ ಬೇಸರವಾಗುತ್ತೆ, ಗೊತ್ತು. ಬರಲಿ ಬಿಡು.

ನಾನು ಕಾಲೇಜಿನಲ್ಲಿದ್ದಾಗ ಒಂದು ವಿದ್ಯಾರ್ಥಿ ಸಂಘ ಕಟ್ಟಿದ್ದೆ, ಅಮ್ಮ ಹೇಳಿರಬಹುದು. ಲೆಕ್ಕದ ಪುಸ್ತಕ, ಬೀಗದ ಕೈ, ಯಾರನ್ನು ಕೇಳಿದರೆ ಕೆಲಸ ಆಗುತ್ತೆ ಅನ್ನುವ ವಿವರ, ಎಲ್ಲ ನನ್ನ ಹತ್ತಿರವೇ. ಅದನ್ನು ಶ್ರದ್ಧೆ ಅಂದುಕೊಂಡಿದ್ದೆ. ನಾನು ಬಿಟ್ಟ ವರ್ಷವೇ ಅದು ನಿಂತಿತು. ಕತೆ ಅಷ್ಟೇ, ಅದಕ್ಕಿಂತ ಹೆಚ್ಚು ಹೇಳೋದಕ್ಕೆ ಏನೂ ಇಲ್ಲ. ಆದರೆ ನಿನ್ನ ಕಾಗದದಲ್ಲಿ "ಪಾಸ್‌ವರ್ಡ್ ಎಲ್ಲ ನನ್ನ ಹತ್ತಿರವೇ ಇದೆ, ಹಾಗಾಗಿ ಸುರಕ್ಷಿತ" ಅಂತ ಓದಿದಾಗ ಎದೆ ಧಸಕ್ಕೆಂದಿತು.

ಆ ಪಾಸ್‌ವರ್ಡಿನ ವಿಷಯ ಈ ವಾರವೇ ಸರಿಮಾಡು. ನಿನ್ನ ಯೂನಿವರ್ಸಿಟಿ ಖಾತೆಯಲ್ಲಿ ಇಟ್ಟ ಫೈಲುಗಳು ನೀನು ಹೊರಬಿದ್ದ ಕೆಲವು ತಿಂಗಳಲ್ಲಿ ಖಾತೆಯ ಜೊತೆಗೇ ಹೋಗಬಹುದು. ಚಾಪ್ಟರಿನ ಹೆಸರಲ್ಲೇ ಒಂದು ಇಮೇಲ್ ಮಾಡಿಸಿ, ಎಲ್ಲ ಕಡತದ ಒಡೆತನ ಅದಕ್ಕೆ ಬದಲಾಯಿಸು. ಬರೀ ಹಂಚಿಕೊಂಡರೆ ಸಾಲದು. ಎರಡು ಹಂತದ ಲಾಗಿನ್ ಕೋಡು ನಿನ್ನೊಬ್ಬಳ ಫೋನಿಗೆ ಬರುವ ಹಾಗೆ ಬಿಡಬೇಡ.

ದುಡ್ಡಿನದು ಇನ್ನೂ ಸೂಕ್ಷ್ಮ. ಬ್ಯಾಂಕ್ ಖಾತೆಗೆ ಐಆರ್‌ಎಸ್‌ನಿಂದ (ಅಮೆರಿಕದ ತೆರಿಗೆ ಇಲಾಖೆ) ಇಐಎನ್ ನಂಬರ್, ಅಂದರೆ ಸಂಸ್ಥೆಯ ತೆರಿಗೆ ಗುರುತಿನ ಸಂಖ್ಯೆ, ಬೇಕು. ಆನ್‌ಲೈನಿನಲ್ಲಿ ಪುಕ್ಕಟೆಯಾಗಿ, ಕೂತಲ್ಲೇ ಸಿಗುತ್ತೆ. ದುಡ್ಡು ಕೇಳುವ ಜಾಲತಾಣಕ್ಕೆ ಹೋಗಬೇಡ. ಆದರೆ ಅದರಲ್ಲಿ ಜವಾಬ್ದಾರಿ ಹೊತ್ತವರು ಅಂತ ಒಬ್ಬರ ಹೆಸರು, ಅವರ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತೆ. ನೀನು ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವಳು, ಆ ನಂಬರ್ ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀಯ. ಇದ್ದರೂ ನಿನ್ನ ಹೆಸರು ಬೇಡ, ಇನ್ನೂ ಮೂರು ವರ್ಷ ಅಲ್ಲಿರುವವರದ್ದು ಹಾಕಿಸು. ಆ ವ್ಯಕ್ತಿ ಬದಲಾದರೆ 60 ದಿನದೊಳಗೆ 8822-ಬಿ ಫಾರಂ ಕಳಿಸಬೇಕು, ಇದನ್ನು ಮರೆಯೋದೇ ಹೆಚ್ಚು. ಇನ್ನೊಂದು: ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದ, ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳು ಐಆರ್‌ಎಸ್‌ಗೆ 990-ಎನ್ ಅನ್ನುವ ಪುಟ್ಟ ವಿವರಣೆ ಸಲ್ಲಿಸಬೇಕು. ಹತ್ತು ನಿಮಿಷದ ಕೆಲಸ. ಖಜಾಂಚಿ (ನಿಮ್ಮಲ್ಲಿ ವರ್ದಿ ಎಸ್ಟಿಮೇಟರ್) ಪಾಸಾಗಿ ಹೋಗುತ್ತಾನೆ, ಮುಂದಿನವನಿಗೆ ಯಾರೂ ಹೇಳಿರೋದಿಲ್ಲ. ಮೂರು ವರ್ಷ ಸತತವಾಗಿ ತಪ್ಪಿದರೆ ತೆರಿಗೆ ವಿನಾಯಿತಿ ತಾನಾಗೇ ರದ್ದು. ನಿಮ್ಮ ವಿವರವನ್ನು ಆಲ್ಫಾ ರೋ ಕೈ ಕೇಂದ್ರ ಸಮಿತಿಯವರು ಸೇರಿಸಿ ಕೊಡುತ್ತಾರೋ ನೀವೇ ಕೊಡಬೇಕೋ ಅಂತ ಈಗಲೇ ಕೇಳಿ, ಉತ್ತರವನ್ನು ಬರೆದಿಡು. ಸೆಮಿಸ್ಟರಿನ ವಂತಿಗೆ ಇಪ್ಪತ್ತನಾಲ್ಕು ಜನ ಅರವತ್ತು ಡಾಲರಿನಂತೆ ಕೊಟ್ಟರೆ 1,440 ಆಗುತ್ತೆ. ಆದರೆ ರೋಮಿಗೆ ಹೋದವರು ಆ ಸೆಮಿಸ್ಟರ್ ಕೊಡೋದಿಲ್ಲ, ಹಾಗಾಗಿ ಸ್ಪ್ರಿಂಗ್‌ನಲ್ಲಿ ಯಾವಾಗಲೂ ಕೊರತೆ. ಫಾಲ್‌ನಲ್ಲಿ (ವರ್ಷದ ಮೊದಲ ಸೆಮಿಸ್ಟರ್) ಬಂದದ್ದರಲ್ಲಿ ಮೂರನೇ ಒಂದು ಪಾಲು ಮುಟ್ಟದೆ ಇಡಿ.

ಇಷ್ಟೆಲ್ಲ ಹೇಳಬೇಕೆಂದುಕೊಂಡು ಕೂತಿರಲಿಲ್ಲ. ನೀನು ಕೇಳಿದ್ದು ನಿಲ್ಲುತ್ತಾ ಅಂತ, ನಾನು ಫಾರಂ ನಂಬರ್ ಹೇಳುತ್ತಿದ್ದೇನೆ. ನಿಲ್ಲೋದು ಇಂಥದ್ದರ ಮೇಲೇ ಅನ್ನೋದು ನನಗೆ ತಡವಾಗಿ ಗೊತ್ತಾಯಿತು, ಅದಕ್ಕೆ. ಪ್ಯಾರಿಸ್ಸಿನ ಹಳೆಯ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಪ್ರತಿ ಆಟೆಲಿಯೇಗೆ (ಒಬ್ಬ ಗುರುವಿನ ಸ್ಟುಡಿಯೋ) ಒಬ್ಬ ಮಾಸಿಯೆ ಇರುತ್ತಿದ್ದ, ವಿದ್ಯಾರ್ಥಿಗಳೇ ಆರಿಸಿದವನು. ಅವನ ಕೆಲಸ ವಂತಿಗೆ ಎತ್ತಿ ಲೆಕ್ಕ ಇಡೋದು. ಗುರುಗಳ ಹೆಸರು ಪುಸ್ತಕದಲ್ಲಿದೆ. ಒಲೆಗೆ ಸೌದೆ, ದೀಪಕ್ಕೆ ಎಣ್ಣೆ ತಂದವನು ಮಾಸಿಯೆ.

ಅಲ್ಲಿಂದಲೇ ಬಂದ ಒಂದು ಕೆಟ್ಟ ಚಾಳಿ ಅಂದರೆ ಹೊಸಬರಿಂದ ಹಿರಿಯರ ಚಾಕರಿ ಮಾಡಿಸೋದು. "ಹೊಸ ಹುಡುಗರು ನಮ್ಮ ಮಾಡೆಲ್ಲಿಗೆ ಬಾಸ್‌ವುಡ್ ಕತ್ತರಿಸಿಕೊಟ್ಟರೆ ಒಗ್ಗಟ್ಟು ಬರುತ್ತೆ" ಅಂತ ನಿಮ್ಮವರಲ್ಲಿ ಯಾರೋ ಅಂದರಂತೆ. ಬೇಡ ಮಗಳೇ. ರಾತ್ರಿಯೆಲ್ಲ ಕೂರಿಸೋದೂ ಬೇಡ. 2024ರ ಡಿಸೆಂಬರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೇಜಿಂಗ್ (ನಮ್ಮ ಕಡೆಯ ರ‍್ಯಾಗಿಂಗ್) ವಿರುದ್ಧ ಕಾನೂನು ತಂದಿದೆ, ಕಾಲೇಜುಗಳು ಇಂಥ ಪ್ರಕರಣಗಳನ್ನು ಸಂಘದ ಹೆಸರಿನ ಸಮೇತ ಪ್ರಕಟಿಸಬೇಕು. ಕಾನೂನು ಹಾಗಿರಲಿ. ಹೊಸ ಚಾಪ್ಟರಿನಲ್ಲಿ ಮೊದಲ ವರ್ಷ ಏನು ಮಾಡುತ್ತೀರೋ ಅದೇ ಮುಂದಿನವರಿಗೆ ಸಂಪ್ರದಾಯ ಆಗುತ್ತೆ, ಅದನ್ನು ಕಿತ್ತುಹಾಕೋದಕ್ಕೆ ನೀನು ಅಲ್ಲಿರೋದಿಲ್ಲ.

ಚುನಾವಣೆ ಮೇ ತಿಂಗಳಲ್ಲಿ ಇಟ್ಟುಕೊಳ್ಳಬೇಡ. ಗೆದ್ದವರು ಕೇಳಬೇಕು ಅನ್ನುವಷ್ಟರಲ್ಲಿ ಹಳಬರು ಸಾಮಾನು ಕಟ್ಟಿರುತ್ತಾರೆ. ಬರುವ ನವೆಂಬರಿನಲ್ಲಿ ಚುನಾವಣೆ, ಜನವರಿಯಿಂದ ಅಧಿಕಾರ. ವರ್ದಿ ಆರ್ಕಿಟೆಕ್ಟ್ (ಅಂದರೆ ಅಧ್ಯಕ್ಷ) ಸ್ಥಾನಕ್ಕೆ ಈಗ ರೋಮಿಗೆ ಹೊರಟಿರುವ ಮೂವರಲ್ಲಿ ಒಬ್ಬರು ಬರಲಿ, ಆಗ ಅವರು ನಾಲ್ಕನೇ ವರ್ಷದಲ್ಲಿ ಊರಲ್ಲೇ ಇರುತ್ತಾರೆ. ಜನವರಿಯಿಂದ ಮೇ ತನಕ ನೀನು ಪಕ್ಕದಲ್ಲಿರು, ಕೇಳಿದರೆ ಮಾತ್ರ ಹೇಳು. ಬೈಲಾದಲ್ಲಿ ಕೋರಂ (ಸಭೆ ನಡೆಯೋದಕ್ಕೆ ಬೇಕಾದ ಕನಿಷ್ಠ ಹಾಜರಿ) ಮೂರರಲ್ಲಿ ಎರಡು ಪಾಲು ಅಂತ ಬರೆದಿದ್ದೀರಿ, ಅದು ಸ್ಪ್ರಿಂಗ್‌ನಲ್ಲಿ ಒಂದು ಸಲವೂ ತುಂಬೋದಿಲ್ಲ. ಆ ಸೆಮಿಸ್ಟರಿನಲ್ಲಿ ಕ್ಯಾಂಪಸ್ಸಿನಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಅಂತ ತಿದ್ದಿ. ಫ್ಯಾಕಲ್ಟಿ ಸಲಹೆಗಾರರಾಗಿ ನೀನು ಹೇಳಿದ ಆ ವಿಸಿಟಿಂಗ್ ಪ್ರೊಫೆಸರ್ ತುಂಬಾ ಒಳ್ಳೆಯವರೇ ಇರಬಹುದು, ಆದರೆ ಅವರ ಕರಾರು ಒಂದು ವರ್ಷದ್ದು. ಟೆನ್ಯೂರ್, ಅಂದರೆ ಕಾಯಂ ಹುದ್ದೆ, ಇರುವವರನ್ನು ಕೇಳು, ಸಬ್ಯಾಟಿಕಲ್ (ಅಧ್ಯಯನಕ್ಕೆ ತೆಗೆದುಕೊಳ್ಳುವ ದೀರ್ಘ ರಜೆ) ಯಾವಾಗ ಅಂತಲೂ ಕೇಳು. ಹೀಗೆ ಕೇಳೋದು ಒರಟು ಅನ್ನಿಸಿದರೆ ನನ್ನ ಮೇಲೆ ಹಾಕು, ಮಾವ ಕೇಳಿಸಿದರು ಅನ್ನು.

ಸೈಟಿನಲ್ಲಿ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವ ತನಕ ಕೆಳಗೆ ಕೊಡುವ ಆಸರೆ) ಬಿಚ್ಚೋದನ್ನು ಚಿಕ್ಕವಳಿದ್ದಾಗ ನನ್ನ ಜೊತೆ ಬಂದು ನೋಡುತ್ತಿದ್ದೆ. ಕಾಂಕ್ರೀಟ್ ಕೆಲಸದ ನಮ್ಮ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ ಏಳು ದಿನ ಊರೆ ಬೇಕು, ಆರು ಮೀಟರ್ ದಾಟಿದ ತೊಲೆಗೆ ಇಪ್ಪತ್ತೊಂದು ದಿನ. ಬೇಗ ಬಿಚ್ಚಿದರೆ ಸ್ಲ್ಯಾಬು ಬಾಗುತ್ತೆ. ಬಿಚ್ಚದೆ ಹಾಗೇ ಬಿಟ್ಟರೆ ಅದು ಭಾರ ಹೊರುತ್ತೋ ಇಲ್ಲವೋ ಅನ್ನೋದೇ ಗೊತ್ತಾಗೋದಿಲ್ಲ, ಕೆಳಗಿನ ಕೋಣೆ ಯಾರಿಗೂ ಬಳಕೆಗೆ ಬರೋದಿಲ್ಲ. ನಾನು ಬಿಚ್ಚಲೇ ಇಲ್ಲ, ನಿಧಿ. ಹೊರಡುವ ದಿನ ಒಂದೇ ಸಲ ಎಳೆದುಬಿಟ್ಟೆ.

ನೀನು ಒಂದೊಂದೇ ತೆಗಿ. ಮಾರ್ಚ್ ಕೊನೆಯ ಮಂಗಳವಾರದ ಮೀಟಿಂಗನ್ನು ಆ ಎರಡನೇ ವರ್ಷದ ಹುಡುಗಿ ನಡೆಸಲಿ. ಅಜೆಂಡಾ ಅವಳೇ ಬರೆಯಲಿ, ರೂಮು ಅವಳೇ ಬುಕ್ ಮಾಡಲಿ. ನೀನು ಹೋಗಬೇಡ. ಎಲ್ಲಿ ತಡವರಿಸಿದರು, ಯಾರಿಗೆ ಫೋನ್ ಮಾಡಿದರು ಅಂತ ಮಾರನೇ ದಿನ ಕೇಳಿ ಬರೆದಿಟ್ಟುಕೊ, ಕೈಪಿಡಿಯ ಮೊದಲ ಪುಟ ಅದೇ ಆಗುತ್ತೆ.

ಹೋಗದೆ ಇರೋದಕ್ಕೆ ನಿನ್ನ ಕೈಲಿ ಆಗುತ್ತಾ ಅಂತ ನನಗೆ ಅನುಮಾನ. ನಿಮಗೆ ಸಂಜೆ ಏಳು ಗಂಟೆ ಅಂದರೆ ಇಲ್ಲಿ ಬುಧವಾರ ಬೆಳಗಿನ ಐದೂವರೆ. ಕಾಫಿ ಮಾಡಿಕೊಂಡು ಕೂತಿರುತ್ತೇನೆ. ಮೀಟಿಂಗ್ ಮುಗಿಯುವ ತನಕ ನನ್ನ ಜೊತೆ ಮಾತಾಡುತ್ತಿರು.

ಇಂತಿ,
ನಿನ್ನ ಮಾವ