ಹಳೆಯ ಟರ್ನ್‌ಟೇಬಲ್: ಮೊದಲು ಹೊಂದಾಣಿಕೆ, ಆಮೇಲೆ ಮಾರ್ಪಾಡು

ಮಾನ್ಯ ಸಂಪಾದಕರೇ,

ಹಳೆಯ ಟರ್ನ್‌ಟೇಬಲ್‌ಗಳ, ಅಂದರೆ ಗಾನತಟ್ಟೆ (ರೆಕಾರ್ಡ್) ನುಡಿಸುವ ಯಂತ್ರಗಳ, ಧ್ವನಿಯನ್ನು ಮನೆಯಲ್ಲೇ ಉತ್ತಮಪಡಿಸಿಕೊಳ್ಳುವ ಬಗ್ಗೆ ತಮ್ಮ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿ ಸೂಚಿಸಿದ ಕೆಲಸಗಳ ಕ್ರಮದ ಬಗ್ಗೆ ನನಗೆ ತಕರಾರಿದೆ. ಹೊಸ ಮ್ಯಾಟ್, ತಟ್ಟೆಯ ಮೇಲಿಡುವ ಭಾರದ ಬಿಲ್ಲೆ, ದಪ್ಪನೆಯ ಕೇಬಲ್ ಇವುಗಳಿಂದ ಆರಂಭವಾದ ಲೇಖನ, ಯಂತ್ರವನ್ನು ಮೂಲಸ್ಥಿತಿಗೆ ತರುವ ವಿಷಯವನ್ನು ಕೊನೆಯ ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದೆ. ದಶಕಗಳ ಕಾಲ ಮೂಲೆಯಲ್ಲಿದ್ದ ಯಂತ್ರದ ಧ್ವನಿ ಕೆಟ್ಟಿರುವುದು ಬಹುಮಟ್ಟಿಗೆ ವಯಸ್ಸಿನಿಂದಲೇ. ಆ ನಷ್ಟವನ್ನು ತುಂಬಿಕೊಡದೆ ಮೇಲೆ ಏನನ್ನು ಅಂಟಿಸಿದರೂ ಪ್ರಯೋಜನ ಅಲ್ಪ.

ಕಾರಣ ಸರಳವಾದುದು. ಸೂಜಿಯನ್ನು ಹಿಡಿದಿರುವ ಪುಟ್ಟ ಡಬ್ಬಿಯಾದ ಕಾರ್ಟ್ರಿಜ್‌ನ ಒಡಲಿಗೆ ಹೋಲಿಸಿ ಸೂಜಿ ಎಷ್ಟು ಅಲುಗಿತೆಂಬುದೇ ವಿದ್ಯುತ್ ಸಂಕೇತವಾಗಿ ಹೊರಬರುತ್ತದೆ. ತಟ್ಟೆಯಲ್ಲಿ ಕೊರೆದ ಗೆರೆಯ ಅಂಕುಡೊಂಕುಗಳು ಮೈಕ್ರಾನ್ ಲೆಕ್ಕದವಾದ್ದರಿಂದ ಬೇರಿಂಗ್‌ನ ಒರಟುತನ, ಮೋಟಾರಿನ ನಡುಕ, ಮೇಜಿನ ಕಂಪನ ಯಾವುದೇ ಇರಲಿ, ಅದೂ ಸಂಗೀತದ ಜೊತೆಯಲ್ಲೇ ಆಂಪ್ಲಿಫೈಯರ್ ಸೇರುತ್ತದೆ. ಇದರ ಮೇಲೆ, 1954ರಲ್ಲಿ ರೂಢಿಗೆ ಬಂದ ಆರ್‌ಐಎಎ (ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ) ಮಾನಕದ ಪ್ರಕಾರ ತಟ್ಟೆ ಕೊರೆಯುವಾಗ ಮಂದ್ರವನ್ನು ಕುಗ್ಗಿಸಿ ನುಡಿಸುವಾಗ ಹಿಗ್ಗಿಸಲಾಗುತ್ತದೆ. 20 ಹರ್ಟ್ಸ್‌ನ ಬಳಿ ಈ ಹಿಗ್ಗುವಿಕೆ, 1,000 ಹರ್ಟ್ಸ್‌ಗೆ ಹೋಲಿಸಿದರೆ, ಸುಮಾರು 20 ಡೆಸಿಬಲ್. ಯಂತ್ರದ ಗುಡುಗುಡು ಸದ್ದಿಗೂ ಇದೇ ಹಿಗ್ಗುವಿಕೆ ಪುಕ್ಕಟೆಯಾಗಿ ಸಿಗುತ್ತದೆ.

ಆದ್ದರಿಂದ ಮೊದಲ ಕೆಲಸ ತಟ್ಟೆಯನ್ನು ಹೊತ್ತು ತಿರುಗುವ ಚಕ್ರವಾದ ಪ್ಲ್ಯಾಟರ್ ಮೇಲೆ ರಸಮಟ್ಟವಿಟ್ಟು ಸಮತಲ ನೋಡಿಕೊಳ್ಳುವುದು, ಎರಡನೆಯದು ಬೇರಿಂಗ್. ಬೆಲ್ಟ್ ಚಾಲಿತ ಯಂತ್ರಗಳಲ್ಲಿ ಸಾಮಾನ್ಯವಾಗಿ ಪ್ಲ್ಯಾಟರನ್ನು ನೇರವಾಗಿ ಮೇಲೆತ್ತಿದರೆ ಅದರ ದಂಡ ಹೊರಬರುತ್ತದೆ. ಅಂಟಾಗಿ ಕಪ್ಪಗಾದ ಹಳೆಯ ಎಣ್ಣೆಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ತಳದಲ್ಲಿ ಉಕ್ಕಿನ ಸಣ್ಣ ಗುಂಡಿದ್ದರೆ ಕಳೆದುಹೋಗದಂತೆ ತೆಗೆದಿಟ್ಟು, ತೆಳುವಾದ ಯಂತ್ರದೆಣ್ಣೆಯನ್ನು ಕೆಲವೇ ಹನಿ ಬಿಟ್ಟು ಮರಳಿ ಕೂರಿಸಬೇಕು. ಸವೆಯದ ಬೇರಿಂಗ್ ಆಗಿದ್ದರೆ ದಂಡವು ಒಳಗೆ ಸಿಲುಕಿದ ಗಾಳಿಯನ್ನು ದೂಡುತ್ತಾ ತಾನಾಗಿ, ಬಹಳ ನಿಧಾನವಾಗಿ ಇಳಿಯುತ್ತದೆ. ಕೈಯಿಂದ ಒತ್ತುವ ಅವಸರ ಬೇಡ. ಎಣ್ಣೆಯನ್ನು ತನ್ನೊಳಗೇ ಹೀರಿಕೊಂಡಿರುವ ಕಂಚಿನ ಬುಷ್‌ಗಳನ್ನು ಪೆಟ್ರೋಲಿನಂಥ ದ್ರಾವಕದಲ್ಲಿ ನೆನೆಸಿದರೆ ಆ ಎಣ್ಣೆ ಹೊರಟುಹೋಗುತ್ತದೆ ಎಂಬ ಎಚ್ಚರವೂ ಇರಲಿ. ಸಡಿಲಾದ ಬೆಲ್ಟನ್ನು ಬದಲಿಸುವುದು, ಮೋಟಾರಿನ ಪುಲ್ಲಿಯ ಮೇಲಿನ ರಬ್ಬರಿನ ಪೊರೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುವುದು ಸಣ್ಣ ಕೆಲಸಗಳು. ವೇಗ ಪರೀಕ್ಷೆಗೆ 50 ಹರ್ಟ್ಸ್ ವಿದ್ಯುತ್ತಿನ ದೀಪದಡಿ 180 ಪಟ್ಟೆಗಳ ಕಾಗದದ ಬಿಲ್ಲೆ ಸಾಕು. 33⅓ ಸುತ್ತಿನ ವೇಗ ಸರಿಯಿದ್ದರೆ ಪಟ್ಟೆಗಳು ನಿಂತಂತೆ ಕಾಣುತ್ತವೆ. ಎಲ್‌ಇಡಿ ದೀಪಗಳಲ್ಲಿ ಹಲವು ಮಿನುಗುವುದೇ ಇಲ್ಲವಾದ್ದರಿಂದ ಅವುಗಳ ಬೆಳಕಿನಲ್ಲಿ ಈ ಪರೀಕ್ಷೆ ನಡೆಯದಿರಬಹುದು.

ಇನ್ನು ಕಾರ್ಟ್ರಿಜ್ ವಿಷಯ. ನನ್ನ ಅಭಿಪ್ರಾಯದಲ್ಲಿ ಕಿವಿಗೆ ತಿಳಿಯುವಂಥ ಅತಿ ದೊಡ್ಡ ಸುಧಾರಣೆ ಬರುವುದು ಇಲ್ಲಿಂದ. ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯಡಿ ಗೆರೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ವೇಗದಲ್ಲಿ ಹಾಯುತ್ತದೆ, ಒಳ ಅಂಚಿಗೆ ಬರುವಾಗ ಅದು ಸುಮಾರು 21 ಸೆಂ.ಮೀ.ಗೆ ಇಳಿದಿರುತ್ತದೆ. ಅದೇ ಸಂಗೀತ ಕಡಿಮೆ ಉದ್ದದಲ್ಲಿ ಕಿಕ್ಕಿರಿಯುವುದರಿಂದ ಸೂಜಿಯ ಕೋನ ಕೊಂಚ ತಪ್ಪಿದರೂ ಪ್ರತಿ ಬದಿಯ ಕೊನೆಯ ಹಾಡು ಕರ್ಕಶವಾಗುತ್ತದೆ, 'ಸ' 'ಶ'ಗಳು ಉಗುಳಿದಂತೆ ಕೇಳುತ್ತವೆ. ಕೇಂದ್ರದಿಂದ 66 ಮತ್ತು 121 ಮಿ.ಮೀ. ದೂರದ ಎರಡು ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗೆ ನೇರವಾಗಿ ಕೂರುವಂತೆ ಕಾಗದದ ಕೋನಮಾಪಕವನ್ನಿಟ್ಟು, ಎರಡು ಸ್ಕ್ರೂಗಳನ್ನು ಸಡಿಲಿಸಿ ಹಿಂದೆಮುಂದೆ ಸರಿಸಿದರೆ ಈ ದೋಷ ಬಹಳಷ್ಟು ಇಳಿಯುತ್ತದೆ. ಮುದ್ರಣ ಯಂತ್ರಗಳು ಅಳತೆಯನ್ನು ಸದ್ದಿಲ್ಲದೆ ಕುಗ್ಗಿಸುವುದುಂಟು, ಹಾಗಾಗಿ ಮುದ್ರಿಸಿದ ಹಾಳೆಯನ್ನು ಮೊದಲು ಸ್ಕೇಲಿನಿಂದ ಅಳೆಯಬೇಕು. ಇದೇ ವೇಳೆ ಕಾರ್ಟ್ರಿಜ್‌ನ ಹಿಂಬದಿಯ ನಾಲ್ಕು ತಂತಿಗಳನ್ನು, ಅಂದರೆ ಎಡ ಚಾನೆಲ್‌ನ ಬಿಳಿ ಮತ್ತು ನೀಲಿ, ಬಲ ಚಾನೆಲ್‌ನ ಕೆಂಪು ಮತ್ತು ಹಸಿರು ತಂತಿಗಳನ್ನು, ಚಿಮಟದಿಂದ ಒಂದೊಂದಾಗಿ ಕಳಚಿ, ಕಿಲುಬು ಒರೆಸಿ ಮತ್ತೆ ಸಿಕ್ಕಿಸಿದರೆ ಆಗಾಗ ಮಾಯವಾಗುತ್ತಿದ್ದ ಒಂದು ಬದಿಯ ಧ್ವನಿ ಮರಳುವುದುಂಟು. ಕಾರ್ಟ್ರಿಜ್‌ಗೆ ತಗುಲಿಕೊಂಡಿರುವ ತಂತಿಗೆ ಮಾತ್ರ ಎಂದೂ ಬೆಸುಗೆ ಹಾಕಬಾರದು. ಶಾಖಕ್ಕೆ ಒಳಗಿನ ಸುರುಳಿಯ ಸಂಪರ್ಕವೇ ಕಳಚೀತು.

ಸೂಜಿ ಹಾರಿದರೆ ಅದರ ಮೇಲೊಂದು ನಾಣ್ಯ ಇಡಿ ಎಂಬ ಲೇಖನದ ಸಲಹೆಯನ್ನು ನಾನು ಒಪ್ಪಲಾರೆ. ಅದು ಒತ್ತಡವನ್ನು ಅಂದಾಜಿಲ್ಲದೆ ಹೆಚ್ಚಿಸುವುದಲ್ಲದೆ ಕಾರ್ಟ್ರಿಜ್ ಹೊತ್ತ ತೋಳಾದ ಟೋನ್‌ಆರ್ಮ್‌ನ ಜಡತೆಯನ್ನೂ ಹೆಚ್ಚಿಸುತ್ತದೆ. ಆರ್ಮ್‌ನ ಪರಿಣಾಮಕಾರಿ ದ್ರವ್ಯರಾಶಿಗೆ (ಅಲುಗುವಾಗ ಸೂಜಿಯ ತುದಿಗೆ ಅನುಭವಕ್ಕೆ ಬರುವ ಆರ್ಮ್‌ನ ಭಾರಕ್ಕೆ) ಕಾರ್ಟ್ರಿಜ್ ಮತ್ತು ಸ್ಕ್ರೂಗಳ ತೂಕವನ್ನು ಗ್ರಾಮಿನಲ್ಲಿ ಕೂಡಿಸಿ, ಸೂಜಿಯ ನಮ್ಯತೆಯ, ಅಂದರೆ ಅದು ಎಷ್ಟು ಸುಲಭವಾಗಿ ಬಾಗುತ್ತದೆಂಬುದರ, ಅಂಕಿಯಿಂದ ಗುಣಿಸಿ, ಬಂದ ಮೊತ್ತದ ವರ್ಗಮೂಲದಿಂದ 159ನ್ನು ಭಾಗಿಸಿದರೆ ಅನುರಣನದ, ಅಂದರೆ ಆರ್ಮ್ ಅತಿ ಸುಲಭವಾಗಿ ತೂಗಾಡುವ, ಆವರ್ತನ ಸಿಗುತ್ತದೆ. ಒಟ್ಟು 19 ಗ್ರಾಂ, ನಮ್ಯತೆ 15 ಎಂದಾದರೆ ಉತ್ತರ 9.4 ಹರ್ಟ್ಸ್, ಇದು 8ರಿಂದ 12ರ ನಡುವೆ ಇರುವುದು ಒಳ್ಳೆಯದು. ನಾಣ್ಯದ ಭಾರ ಅದನ್ನು ಕೆಳಗೆಳೆದು, ತಟ್ಟೆಯ ಸೊಟ್ಟಕ್ಕೆಲ್ಲ ಆರ್ಮ್ ಕುಣಿಯುವಂತೆ ಮಾಡುತ್ತದೆ. ಹಿಂಬದಿಯ ತೂಕವನ್ನು ತಿರುಗಿಸಿ, ಸಣ್ಣ ತಕ್ಕಡಿಯಲ್ಲಿ ಅಳೆದು, ತಯಾರಕರು ಹೇಳಿದ ಮಿತಿಯ ಮೇಲರ್ಧದಲ್ಲಿ ಒತ್ತಡ ನಿಲ್ಲಿಸುವುದೇ ಸರಿಯಾದ ದಾರಿ. ಒತ್ತಡ ತೀರಾ ಕಡಿಮೆಯಾದರೂ ಸೂಜಿ ಗೆರೆಯ ಗೋಡೆಗಳಿಗೆ ಬಡಿದು ತಟ್ಟೆ ಕೆಡುತ್ತದೆ. ಸೂಜಿಯ ತುದಿಯೇ ಸವೆದಿದ್ದರೆ ಈ ಯಾವುದರಿಂದಲೂ ಫಲವಿಲ್ಲ, ಹೊಸ ಸೂಜಿಯೇ ಬೇಕು.

ಇಷ್ಟಾದ ಮೇಲೆ ಮಾರ್ಪಾಡು. ನಿಂತ ತಟ್ಟೆಯ ಮೇಲೆ ಸೂಜಿಯನ್ನಿಟ್ಟು, ಧ್ವನಿಯನ್ನು ತಗ್ಗಿನಲ್ಲಿರಿಸಿ, ಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಏನು ಕೇಳುತ್ತದೆಂಬುದು ಆ ಯಂತ್ರದ ಜಾತಕವಿದ್ದಂತೆ. ಡಬಡಬ ಎಂದರೆ, ಒಳಗಿನ ಟೊಳ್ಳು ಗೋಡೆಗಳಿಗೆ ಒಣಗದ ಕ್ಲೇಯನ್ನೋ ಡಾಂಬರಿನ ಅಂಟುಹಾಳೆಯನ್ನೋ ಮೋಟಾರು ಮತ್ತು ಚಲಿಸುವ ಭಾಗಗಳಿಗೆ ತಾಗದಂತೆ ಅಂಟಿಸಬಹುದು. ತಗಡಿನಂಥ ಪ್ಲ್ಯಾಟರ್ ಗಂಟೆಯಂತೆ ನಾದಗೈದರೆ ರಬ್ಬರಿನ ಮ್ಯಾಟ್ ಹಾಕಬಹುದು. ಆದರೆ ಇದು ಎಲ್ಲ ಯಂತ್ರಕ್ಕೂ ಒಪ್ಪುವ ಮದ್ದಲ್ಲ. ಎಡ್ಗರ್ ವಿಲ್ಚರ್ ಅವರ ಅಕೌಸ್ಟಿಕ್ ರಿಸರ್ಚ್ ಸಂಸ್ಥೆ 1961ರಲ್ಲಿ ತಂದ ಮಾದರಿಯಂತೆ ಪ್ಲ್ಯಾಟರ್ ಮತ್ತು ಆರ್ಮ್ ಎರಡೂ ಸ್ಪ್ರಿಂಗುಗಳ ಮೇಲೆ ತೇಲುವ ಯಂತ್ರಗಳಲ್ಲಿ, ತೇಲುವ ಭಾಗಕ್ಕೆ ಭಾರ ಸೇರಿಸಿದರೆ ಸ್ಪ್ರಿಂಗಿನ ಲೆಕ್ಕವೇ ತಪ್ಪುತ್ತದೆ. 1954ರ ಗ್ಯಾರಾರ್ಡ್ 301ರಂಥ, ಐಡ್ಲರ್ ಚಕ್ರದಿಂದ (ಮೋಟಾರಿಗೂ ಪ್ಲ್ಯಾಟರಿಗೂ ನಡುವೆ ಒತ್ತಿ ತಿರುಗುವ ರಬ್ಬರಿನ ಚಕ್ರದಿಂದ) ತಿರುಗುವ ಯಂತ್ರಗಳಿಗೆ ಭಾರವಾದ ಮರದ ಪೀಠ ಒಪ್ಪುತ್ತದೆ.

ಕೇಬಲ್ ವಿಷಯದಲ್ಲಿ ದಪ್ಪಕ್ಕಿಂತ ಧಾರಕತೆ, ಅಂದರೆ ವಿದ್ಯುದಾವೇಶ ಹಿಡಿದಿಡುವ ಗುಣ, ಮುಖ್ಯ. ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್‌ಗೆ 47 ಕಿಲೋ ಓಮ್ ರೋಧದ ಜೊತೆಗೆ ಇಂತಿಷ್ಟೇ ಪಿಕೊಫ್ಯಾರಡ್ ಧಾರಕತೆ ಎಂದು ತಯಾರಕರು ನಿಗದಿಪಡಿಸಿರುತ್ತಾರೆ. ಉದ್ದನೆಯ ಕೇಬಲ್ ಆ ಮಿತಿ ಮೀರಿದರೆ ತಾರಸ್ವರಗಳು ಒಂದೆಡೆ ಉಬ್ಬಿ ಮುಂದೆ ಕುಸಿಯುತ್ತವೆ. ಗಿಡ್ಡ ಕೇಬಲ್ ಸಾಕು.

ಕೊನೆಯದಾಗಿ, ಲೇಖನದಲ್ಲಿ ಎಲ್ಲಿಯೂ ಕಾಣದ ಒಂದು ಎಚ್ಚರಿಕೆ. ಹಳೆಯ ಯಂತ್ರಗಳ ಸ್ವಿಚ್ಚಿಗೆ ಅಡ್ಡಲಾಗಿರುವ ಕಾಗದದ ಕೆಪಾಸಿಟರ್‌ಗಳು ಬಿರುಕು ಬಿಟ್ಟು ಹೊಗೆಯಾಡುವುದುಂಟು. ಪೆಟ್ಟಿಗೆ ಬಿಚ್ಚುವ ಮುನ್ನ ಪ್ಲಗ್ ತೆಗೆಯಬೇಕು, ಮುಖ್ಯ ವಿದ್ಯುತ್ತಿಗೆ ಸೇರಿದ ಈ ಭಾಗವನ್ನು ಬಲ್ಲವರ ಕೈಯಿಂದಲೇ ಬದಲಿಸಿಕೊಳ್ಳಬೇಕು. ಕಳಚಿದ ಮೂಲ ಭಾಗಗಳನ್ನು ಚೀಟಿ ಅಂಟಿಸಿ ತೆಗೆದಿಡುವುದೂ, ಪೀಠಕ್ಕೆ ಹೊಸ ರಂಧ್ರ ಕೊರೆಯದಿರುವುದೂ ಉತ್ತಮ. ಇದೇ ವಿಷಯದ ಮುಂದಿನ ಲೇಖನದಲ್ಲಿ ವಿದ್ಯುತ್ ಸುರಕ್ಷತೆಯ ಸೂಚನೆಯನ್ನು ಮೊದಲ ಕಂತಿನಲ್ಲೇ ಮುದ್ರಿಸಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ