ಮೊದಲು ಕೈ ಎಣಿಸಿ, ಆಮೇಲೆ ಹೆಸರು ಬರೆಯಿರಿ

ಮಾನ್ಯ ಸಂಪಾದಕರೇ,

ಮೊನ್ನೆ ಒಂದು ಪತ್ರಿಕೆಯಲ್ಲಿ ಫೋಟೊ ನೋಡಿದೆ. ಬೋಟಿನ ಹುಡುಗನೊಬ್ಬ ಎರಡೂ ಕೈಯಲ್ಲಿ ಏನನ್ನೋ ಎತ್ತಿ ಹಿಡಿದು ನಗುತ್ತಿದ್ದಾನೆ. ಕೆಳಗೆ 'ಬಲೆಗೆ ಬಿದ್ದ ಭಾರೀ ಆಕ್ಟೋಪಸ್' ಎಂದು ಬರೆದಿದೆ. ಅದು ಆಕ್ಟೋಪಸ್ ಅಲ್ಲವೇ ಅಲ್ಲ, ಬೊಂಡಾಸ್. ಇಂಗ್ಲಿಷಿನ ಕಟಲ್‌ಫಿಶ್, ಸ್ಕ್ವಿಡ್ ಎರಡಕ್ಕೂ ನಾವು ಬೊಂಡಾಸ್ ಅನ್ನುತ್ತೇವೆ, ಇದು ಪಟ್ಟೆಯ ಕಟಲ್‌ಫಿಶ್. ಬೆನ್ನ ಮೇಲೆ ಹುಲಿಪಟ್ಟೆ ಇದೆ. ಮೈ ಸುತ್ತ ಸೀರೆಗೆ ಫಾಲ್ ಹಚ್ಚಿದ ಹಾಗೆ ತೆಳು ರೆಕ್ಕೆ ಇದೆ. ಸಂಜೆಯೊಳಗೆ ಅದೇ ಫೋಟೊ ನನ್ನ ಫೋನಿಗೆ ಐದು ಕಡೆಯಿಂದ ಬಂತು. ಎಲ್ಲರೂ ಆಕ್ಟೋಪಸ್ ಅಂತಲೇ ಕಳಿಸಿದ್ದರು. ಮನಸ್ಸಿಗೆ ಬಹಳ ಬೇಜಾರಾಯಿತು, ಅದಕ್ಕೇ ಈ ಪತ್ರ.

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಆರಿಸುವ ಕೆಲಸದವಳು. 22 ವರ್ಷ ಆಯಿತು. ಟ್ರಾಲ್ ಬೋಟು ದಕ್ಕೆಗೆ ತಾಗಿದ ಮೇಲೆ ಬುಟ್ಟಿ ಸುರಿದು ಶೆಟ್ಲಿ (ಸಿಗಡಿ) ಬೇರೆ, ಏಡಿ ಬೇರೆ, ಬೊಂಡಾಸ್ ಬೇರೆ ಮಾಡುವುದೇ ನಮ್ಮ ದುಡಿಮೆ. ಮಗಳು ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಓದಿದಳು. ಅವಳಿಂದ ನನಗೆ ಹೆಸರು ಗೊತ್ತಾಯಿತು, ನನ್ನಿಂದ ಅವಳಿಗೆ ಮೈ ಗೊತ್ತಾಯಿತು.

ಆಕ್ಟೋಪಸ್‌ಗೆ ಎಂಟು. ನಾವು ಕಾಲು ಅನ್ನುತ್ತೇವೆ, ಮಗಳು ಕೈ ಅನ್ನಬೇಕು ಅನ್ನುತ್ತಾಳೆ. ಬೊಂಡಾಸ್‌ಗೆ ಹತ್ತು: ಎಂಟು ಗಿಡ್ಡ, ಎರಡು ಉದ್ದ. ಜನ ತಪ್ಪುವುದು ಇಲ್ಲಿಯೇ. ಪಟ್ಟೆಯ ದೊಡ್ಡ ಬೊಂಡಾಸ್ ಆ ಎರಡು ಉದ್ದ ಕೈಗಳನ್ನು ಕಣ್ಣಿನ ಕೆಳಗಿನ ಜೇಬಿನಂಥ ಜಾಗದಲ್ಲಿ ಮಡಚಿ ಇಟ್ಟುಕೊಂಡಿರುತ್ತದೆ. ಬೇಟೆ ಹಿಡಿಯುವಾಗ ಮಾತ್ರ ಫಕ್ಕನೆ ಹೊರಗೆ ಚಾಚುತ್ತದೆ. ಬುಟ್ಟಿಯಲ್ಲಿ ಸತ್ತು ಬಿದ್ದಿರುವಾಗ ಎಣಿಸಿದರೆ ಎಂಟೇ ಸಿಗುತ್ತದೆ. ಬೆರಳು ಹಾಕಿ ಎಳೆದರೆ ಬಿಳಿ ಲಾಡಿಯ ಹಾಗೆ ಬರುತ್ತದೆ ನೋಡಿ, ತುದಿ ಮಾತ್ರ ಅಗಲ. ಎಳೆದು ನೋಡದೆ ಎಣಿಕೆ ಮುಗಿಯಿತು ಅನ್ನಬಾರದು.

ಎಣಿಸಲು ಆಗದಿದ್ದರೆ ಬೆನ್ನು ಒತ್ತಿ. ಪಟ್ಟೆಯ ಬೊಂಡಾಸ್ ಒಳಗೆ ಸೀಮೆಸುಣ್ಣದಂಥ ಬಿಳಿ ಹಲಗೆ ಇರುತ್ತದೆ. ಟಾಗೋರ್ ಕಡಲತೀರದಲ್ಲಿ ಮಕ್ಕಳು ಹೆಕ್ಕುವ, ಗಿಳಿ ಪಂಜರಕ್ಕೆ ಕಟ್ಟುವ ಸಮುದ್ರ ನೊರೆ ಅದೇ. ಅದು ನೊರೆಯಲ್ಲ, ಈ ಪ್ರಾಣಿಯ ಒಳಚಿಪ್ಪು. ಉದ್ದ ಮೈಯ ಬೊಂಡಾಸ್‌ನಲ್ಲಿ, ಅಂದರೆ ಸ್ಕ್ವಿಡ್‌ನಲ್ಲಿ, ತೆಳು ಪ್ಲಾಸ್ಟಿಕ್ ಪಟ್ಟಿಯಂಥದ್ದು ಸಿಗುತ್ತದೆ. ಆಕ್ಟೋಪಸ್ ಬೆನ್ನಿನಲ್ಲಿ ಗಟ್ಟಿ ಏನೂ ಕೈಗೆ ಹತ್ತುವುದಿಲ್ಲ. ಅದರ ಮೈಯಲ್ಲಿ ನಿಜವಾಗಿ ಗಟ್ಟಿ ಅನ್ನುವುದು ಬಾಯಿಯ ಕೊಕ್ಕು, ಥೇಟ್ ಗಿಳಿ ಕೊಕ್ಕಿನ ಹಾಗೆ. ಅದರ ಪೆಟ್ಟು ನನಗೆ ಗೊತ್ತು. ಒಮ್ಮೆ ಜೀವ ಇದ್ದ ಆಕ್ಟೋಪಸ್ ಅನ್ನು ಬರಿಗೈಯಲ್ಲಿ ಎತ್ತಿದೆ, ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಎರಡು ದಿನ ಕೈ ಬಾತುಕೊಂಡಿತ್ತು.

ಕಣ್ಣು ನೋಡಿದರೂ ಗೊತ್ತಾಗುತ್ತದೆ. ಆಕ್ಟೋಪಸ್ ಕಣ್ಣಿನ ಪಾಪೆ ಹುಂಡಿಯ ಸೀಳಿನ ಹಾಗೆ ಅಡ್ಡಕ್ಕೆ ಇರುತ್ತದೆ. ಜೀವ ಇರುವಾಗ ಮೈಯನ್ನು ಹೇಗೆ ಓರೆ ಮಾಡಿದರೂ ಆ ಸೀಳು ನೆಲಕ್ಕೆ ಸಮನಾಗಿಯೇ ನಿಲ್ಲುತ್ತದೆ. ಪಟ್ಟೆಯ ಬೊಂಡಾಸ್ ಪಾಪೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂತೆ ಅಂಕುಡೊಂಕು. ಕೈಯಲ್ಲಿ ಸಾಲಾಗಿರುವ, ಹಿಡಿದು ಅಂಟಿಕೊಳ್ಳುವ ಸಣ್ಣ ಬಟ್ಟಲುಗಳನ್ನೂ ಮುಟ್ಟಿ ನೋಡಿ. ಬೊಂಡಾಸ್ ಬಟ್ಟಲಿನ ಒಳಗೆ ಗಡಸು ಬಳೆ ಇರುತ್ತದೆ, ಅದರ ಸಣ್ಣ ಹಲ್ಲು ಬೆರಳಿಗೆ ಪರಚುತ್ತದೆ. ಆಕ್ಟೋಪಸ್‌ದು ಬರೀ ಮೆತ್ತಗೆ, ಅಂಟಿಕೊಳ್ಳುತ್ತದೆ ಅಷ್ಟೆ.

ಇನ್ನು ಗುಣ. ಬೊಂಡಾಸ್ ನೀರಿನಿಂದ ಮೇಲೆ ಬಂದ ಸ್ವಲ್ಪ ಹೊತ್ತಿಗೇ ಸುಮ್ಮನಾಗುತ್ತದೆ. ಆಕ್ಟೋಪಸ್ ಹಾಗಲ್ಲ. ಬುಟ್ಟಿಯ ಅಂಚಿಗೆ ಒಂದು ಕೈ ಹಾಕುತ್ತದೆ, ಆಮೇಲೆ ಇನ್ನೊಂದು, ಇಳಿದು ಹೊರಟೇಬಿಡುತ್ತದೆ. ಒಮ್ಮೆ ನಮ್ಮ ಐಸ್ ಪೆಟ್ಟಿಗೆಯ ಕೆಳಗೆ ಒಂದು ನುಗ್ಗಿತ್ತು. ಅಲ್ಲಿದ್ದ ಸಂದು ಎರಡು ಬೆರಳಿನಷ್ಟು. ಕೊಕ್ಕು ತೂರುವಷ್ಟು ಜಾಗ ಇದ್ದರೆ ಉಳಿದ ಮೈ ಹಿಂದೆಯೇ ಹೋಗುತ್ತದೆ.

ಆಕ್ಟೋಪಸ್ ಎಂದರೂ ಒಂದೇ ಅಲ್ಲ. ಲೋಕದಲ್ಲಿ ಸುಮಾರು 300 ಜಾತಿ ಇವೆಯಂತೆ. ಬಣ್ಣ ನಂಬುವ ಹಾಗಿಲ್ಲ, ಕಣ್ಣೆದುರೇ ಬದಲಾಗುತ್ತದೆ, ಸತ್ತ ಮೇಲೆ ಬಿಳಚಿಕೊಳ್ಳುತ್ತದೆ. ಅದಕ್ಕೇ ಓದಿದವರು ಯಾವ ಕೈ ಉದ್ದ, ಕೈಗಳ ನಡುವಿನ ಪೊರೆ ಎಷ್ಟು ಆಳ, ಕಿವಿರಿನಲ್ಲಿ ಎಷ್ಟು ಎಸಳು ಎಂದೆಲ್ಲ ಅಳೆದು ಎಣಿಸುತ್ತಾರೆ. ಕಣ್ಣಿನ ಕೆಳಗೆ, ಕೈಗಳ ಬುಡದಲ್ಲಿ, ಆಚೆಗೊಂದು ಈಚೆಗೊಂದು ಕಪ್ಪು ಬೊಟ್ಟು, ಅದರೊಳಗೆ ಹೊಳೆಯುವ ಉಂಗುರ ಇರುವ ಸಣ್ಣ ಆಕ್ಟೋಪಸ್ ಒಂದಿದೆ. ಆಂಫಿಆಕ್ಟೋಪಸ್ ನೆಗ್ಲೆಕ್ಟಸ್ ಎಂದು ಅದರ ಹೆಸರು. ನೆಗ್ಲೆಕ್ಟಸ್ ಎಂದರೆ ಯಾರೂ ಗಮನ ಕೊಡದೆ ಬಿಟ್ಟದ್ದು ಎಂದು ಮಗಳು ಹೇಳಿದಾಗ ನನಗೆ ಪಾಪ ಅನ್ನಿಸಿತು. ವಿಷದ ನೀಲಿ ಉಂಗುರದ ಆಕ್ಟೋಪಸ್ ಬೇರೆ. ಅದಕ್ಕೆ ಉಂಗುರ ಎರಡಲ್ಲ, ತುಂಬಾ ಇರುತ್ತವೆ. ಅದರ ವಿಷಕ್ಕೆ ಮದ್ದಿಲ್ಲ. ಆದ್ದರಿಂದ ಇಳಿತದ ಹೊತ್ತಿಗೆ ಬಂಡೆಗಳ ಹತ್ತಿರ ಆಡುವ ಮಕ್ಕಳಿಗೆ ನಾನು ಹೇಳುವುದು ಒಂದೇ: ಯಾವ ಆಕ್ಟೋಪಸ್ ಆದರೂ ನೋಡಿ, ಮುಟ್ಟಬೇಡಿ.

ಉದ್ದುದ್ದ ಸಪೂರ ಕೈಗಳದ್ದು ಇನ್ನೊಂದು, ಸಿಸ್ಟೋಪಸ್ ಇಂಡಿಕಸ್. ಬಾಯಿಯ ಕಡೆ ತಿರುಗಿಸಿ ಕೈಗಳ ಸಂದಿನಲ್ಲಿ ನೋಡಿದರೆ ಸಣ್ಣ ಸಣ್ಣ ಚೀಲಗಳಿರುತ್ತವೆ. ಮೂರನೆಯದಕ್ಕೆ ಮೈಮೇಲೆ ಕಪ್ಪು ನರಗಳಂಥ ಗೆರೆ, ಬಿಳಿ ಬಟ್ಟಲು. ಇಂಡೋನೇಷ್ಯಾದಲ್ಲಿ ಇದು ತೆಂಗಿನ ಕರಟವನ್ನು ಹೊತ್ತುಕೊಂಡು ಹೋಗಿ, ಬೇಕಾದಾಗ ಅದರೊಳಗೆ ಅಡಗುವುದನ್ನು ಮುಳುಗುಗಾರರು ಕಂಡರು, 2009ರಲ್ಲಿ ಅದು ಲೋಕಕ್ಕೆಲ್ಲ ಸುದ್ದಿಯಾಯಿತು. ಈ ಜಾತಿ ನಮ್ಮ ದೇಶದ ಕಡಲಲ್ಲೂ ಇದೆ. ಕರಟಕ್ಕೆ ನಮ್ಮಲ್ಲಿ ಬರವೇ ಇಲ್ಲ, ಅಲ್ವಾ?

ಗಂಡೋ ಹೆಣ್ಣೋ ಎಂದು ತಿಳಿಯಲು ಬಲಗಡೆಯ ಮೂರನೇ ಕೈ ನೋಡಬೇಕು. ಗಂಡಿನಲ್ಲಿ ಅದರ ತುದಿಗೆ ಬಟ್ಟಲುಗಳಿಲ್ಲ, ಸಣ್ಣ ಚಮಚದ ಆಕಾರ ಇರುತ್ತದೆ. ಇದೇ ಬಳಗದ ಕೆಲವು ಜಾತಿಗಳಲ್ಲಿ ಆ ಕೈ ಕಳಚಿ ಹೆಣ್ಣಿನ ಮೈಯಲ್ಲೇ ಉಳಿಯುತ್ತದೆ. ಫ್ರಾನ್ಸಿನ ದೊಡ್ಡ ವಿಜ್ಞಾನಿ ಕುವಿಯೆ 1829ರಲ್ಲಿ ಅಂಥ ಕೈಯನ್ನು ನೋಡಿ, ಒಂದು ಹುಳ ಎಂದು ತಿಳಿದು ಹೆಸರಿಟ್ಟರಂತೆ. ಅಂಥವರೇ ತಪ್ಪಿದ್ದಾರೆ. ಹಾಗಾಗಿ ಫೋಟೊ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ತಪ್ಪನ್ನು ಆಮೇಲೆ ಬೇರೆಯವರು ತಿದ್ದಿದರು. ನಮ್ಮಲ್ಲಿ ಯಾರೂ ತಿದ್ದುವುದಿಲ್ಲ. ಅಚ್ಚಾದದ್ದನ್ನು ಮಕ್ಕಳು ಕತ್ತರಿಸಿ ಶಾಲೆಯ ಚಾರ್ಟಿಗೆ ಅಂಟಿಸುತ್ತಾರೆ.

ನಮ್ಮ ಲೆಕ್ಕದ ಪುಸ್ತಕದಲ್ಲೂ ಇದೇ ಕಥೆ. ಮೂರು ಜಾತಿಯನ್ನೂ ಒಂದೇ ಬುಟ್ಟಿಗೆ ಹಾಕಿ, 'ಆಕ್ಟೋಪಸ್, ಇಷ್ಟು ಕಿಲೊ' ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಬರೆಸಿದೆ. ಮೂರರಲ್ಲಿ ಒಂದು ಕಡಿಮೆಯಾಗುತ್ತ ಬಂದರೆ ಆ ಒಂದು ಸಾಲಿನಿಂದ ಯಾರಿಗೆ ತಿಳಿಯಬೇಕು? ಬೇರೆ ಬೇರೆ ಬುಟ್ಟಿ ಮಾಡಲು ಆರಿಸುವವರಿಗೆ ಜಾಸ್ತಿ ಹೊತ್ತು ಬೇಡ. ನಮ್ಮ ಕೈಗೆ ಈಗಾಗಲೇ ಗೊತ್ತಿದೆ. ಬರೆದುಕೊಳ್ಳುವವರು ಕೇಳಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ರಜೆ. ಆಗಸ್ಟಿನಲ್ಲಿ ಮತ್ತೆ ಬುಟ್ಟಿ ಬರುತ್ತದೆ. ಸಂಪಾದಕರೇ, ನಿಮ್ಮ ಫೋಟೊದವರನ್ನು ಒಂದು ದಿನ ಬೆಳಿಗ್ಗೆ ಬೇಗ ದಕ್ಕೆಗೆ ಕಳಿಸಿ. ಐಸ್ ಹಾಕುವ ಮೊದಲೇ ಬರಬೇಕು, ಆಗ ಉಂಗುರದ ಹೊಳಪು ಇನ್ನೂ ಇರುತ್ತದೆ. ಬೊಂಡಾಸ್‌ನ ಜೇಬಿನಿಂದ ಆ ಎರಡು ಕೈ ಎಳೆದು ತೋರಿಸುತ್ತೇನೆ, ಅದರದ್ದೇ ಫೋಟೊ ಹಾಕಿ.

ಇಂತಿ,
ಮೀನು ಆರಿಸುವ ಕೆಲಸದ ಓದುಗಾರ್ತಿ,
ಬೈತಖೋಲ, ಕಾರವಾರ