ಸಂತೆಪೇಟೆ ಫೋಟೋ ವಿಚಾರವಾಗಿ ಪುಟ್ಟಿಗೆ

ಮೈಸೂರು
ಭಾನುವಾರ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಒಂಬತ್ತು ದಿನ ಆಯಿತು. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ನೀನು ಕೂತು ಮೂರು ಹಾಳೆ ಕೈಯಲ್ಲಿ ಬರೆದಿರುವಾಗ, ನಾನು ಫೋನಿನಲ್ಲಿ "ಅದೇನಿಲ್ಲ ಬಿಡು" ಅಂದು ಮುಗಿಸಿಬಿಡುತ್ತೇನೆ ಅಂತ ನನಗೇ ಅನ್ನಿಸಿತು. ಇಲ್ಲಿನ ಸುದ್ದಿ ನಿಮ್ಮಮ್ಮ ದಿನಾ ಹೇಳುತ್ತಿರುತ್ತಾಳೆ. ಅದು ಬೇಡ.

ಮೂರನೇ ಹಾಳೆಯ ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಬರೆದಿದ್ದೀಯಲ್ಲ, ಆ ಮಾತು. "ಅಪ್ಪನ್ನ ನೆನೆಸಿಕೊಂಡರೆ ಫೋಟೋದಲ್ಲಿರೋ ಮುಖವೇ ಬರತ್ತೆ ದೊಡ್ಡಪ್ಪ. ಬೇರೆ ಬರೋದೇ ಇಲ್ಲ. ನನಗೆ ನೆನಪಿರೋದು ಅಪ್ಪನಾ, ಫೋಟೋನಾ?" ಓದಿ, ಕಾಗದ ಮಡಿಸಿ ಪಂಚಾಂಗದೊಳಗೆ ಇಟ್ಟೆ. ಸಂಜೆ ತೆಗೆದೆ. ಮತ್ತೆ ಇಟ್ಟೆ. ಹೀಗೇ ಒಂಬತ್ತು ದಿನ.

ಶುರುವಾಗಿದ್ದು ನಮ್ಮ ಮನೆಯಿಂದಲೇ. ನಿಮ್ಮಣ್ಣ ಹಳೇ ಆಲ್ಬಮ್ಮನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಕಳಿಸಿದ. ಸಾಲದ್ದಕ್ಕೆ ಸಂತೆಪೇಟೆ ಅಂಗಡಿಯ ಫೋಟೋಗೆ ಫೋನಿನಲ್ಲೇ ಬಣ್ಣ ಹಾಕಿಸಿದ. ಅವನ ಉದ್ದೇಶ ಒಳ್ಳೆಯದೇ. ಆದರೆ ಪುಟ್ಟಿ, ಒಂದು ಹೇಳುತ್ತೇನೆ, ಯಾರಿಗೂ ಹೇಳಬೇಡ. ಆ ಬಣ್ಣದ ಫೋಟೋದಲ್ಲಿ ಅಂಗಡಿಯ ಗೋಡೆ ತಿಳಿ ಹಳದಿ. ನಿಜವಾಗಿ ಏನು ಬಣ್ಣವಿತ್ತು? ಮೊನ್ನೆಯವರೆಗೂ ನನಗೆ ಗೊತ್ತಿತ್ತು. ಈಗ ಕಣ್ಣು ಮುಚ್ಚಿದರೆ ಹಳದಿಯೇ ಕಾಣುತ್ತೆ. ಮೂರು ವಾರದ ಹಳದಿ ಬಂದು ನಾನು ಹುಟ್ಟಿದಾಗಿನಿಂದ ನೋಡಿದ ಗೋಡೆಯನ್ನು ಒರೆಸಿ ಹಾಕಿತು. ನಿನ್ನ ಭಯ ಏನು ಅಂತ ನನಗೆ ಅರ್ಥವಾಗೋದು ಅದಕ್ಕೇ.

ಆಮೇಲೆ ಮೂಲ ಫೋಟೋ ತೆಗೆದು ಭೂತಗನ್ನಡಿ ಹಿಡಿದು ಕೂತೆ. ಅಂಗಡಿಯ ಬಲಕ್ಕೆ ಗೋಲಿ ಸೋಡಾ ಅಂಗಡಿ ಇತ್ತು ಅಂತ ನಿಮಗೆಲ್ಲ ಎಷ್ಟು ಸಲ ಹೇಳಿಲ್ಲ ನಾನು! ಗೋಲಿಯನ್ನು ಒಳಕ್ಕೆ ಒತ್ತಿದಾಗ ಬರುವ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದ್ದೀನಿ. ಫೋಟೋದಲ್ಲಿ ನೋಡಿದರೆ ಅಲ್ಲಿ ಸೋಡಾ ಇಲ್ಲ. ಜಗಲಿಯ ಮೇಲೆ ಹೊಲಿಗೆ ಮಿಷನ್ನು, ಅದರ ಹಿಂದೆ ಕುತ್ತಿಗೆಗೆ ಟೇಪು ಹಾಕಿಕೊಂಡ ಟೈಲರು. ಆತನ ಮುಖ ನೋಡಿದ ಮೇಲೂ ಆತ ಯಾರು ಅಂತ ಹೊಳೆಯಲಿಲ್ಲ. ದಿನಾ ನೋಡಿರಲೇಬೇಕಲ್ವಾ? ನಮ್ಮ ಚಡ್ಡಿಗಳನ್ನು ಆತನೇ ಹೊಲಿದಿರಬೇಕು. ಹಾಗಾದರೆ ಸೋಡಾ ಅಂಗಡಿ ಎಲ್ಲಿತ್ತು, ಪುಟ್ಟಿ? ಇದ್ದೇ ಇತ್ತು. ಸದ್ದು ಕಿವಿಯಲ್ಲಿದೆ. ಬೀದಿಯಲ್ಲಿ ಅದಕ್ಕೆ ಜಾಗವೇ ಸಿಗುತ್ತಿಲ್ಲ ಅಷ್ಟೆ.

೨೦೧೬ರಲ್ಲಿ ದೇವರಾಜ ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತಲ್ಲ, ಮಾರನೇ ದಿನ ನೋಡಲು ಹೋಗಿದ್ದೆ. ಅದಕ್ಕೆ ನಾಲ್ಕು ವರ್ಷ ಮುಂಚೆ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜೀವ ಹೋದಾಗಲೂ ಹೋಗಿದ್ದೆ. ಅದೊಂದು ಕೆಟ್ಟ ಚಾಳಿ ನನಗೆ. ಆ ಮಾರ್ಕೆಟ್ಟಿನೊಳಗೆ ಎಷ್ಟು ಸಾವಿರ ಸಲ ಓಡಾಡಿದ್ದೇನೋ. ಚಿಕ್ಕ ಗಡಿಯಾರ ಗೋಪುರದ ಕಡೆಯಿಂದ ಒಳಗೆ ಹೋಗಿ, ವೀಳ್ಯದೆಲೆ, ಹೂವು, ಕುಂಕುಮದ ಗುಡ್ಡೆಗಳನ್ನು ದಾಟಿಕೊಂಡು ಹೋಗುವುದು. ಕಲ್ಲು ಮಣ್ಣಿನ ರಾಶಿಯ ಮುಂದೆ ನಿಂತು ಇಲ್ಲಿ ಯಾವ ಅಂಗಡಿ ಇತ್ತು ಅಂತ ಯೋಚಿಸಿದೆ. ಒಂದೂ ಬರಲಿಲ್ಲ. ಒಂದಾದರೂ ಬರಬೇಡವಾ? ಹತ್ತಿರ ಒಂದು ಫೋಟೋ ಇದ್ದಿದ್ದರೆ ಹತ್ತು ಅಂಗಡಿಯ ಹೆಸರು ಹೇಳುತ್ತಿದ್ದೆ. ಆದ್ದರಿಂದ ಫೋಟೋವನ್ನು ಬೈಯಲೂ ನನಗೆ ಆಗಲ್ಲ.

ಈಗ ಮುಖದ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರುತ್ತಿದ್ದೀನಿ ಅಂತ ನಿನಗೂ ಗೊತ್ತಾಗಿರುತ್ತೆ.

ನಡುಮನೆಯಲ್ಲಿ ಹಾರ ಹಾಕಿರುವ ಫೋಟೋ ಇದೆಯಲ್ಲ, ಅದು ಆಯ್ಕೆ ಮಾಡಿದ್ದು ನಾನು. ಆ ವಾರ ನಿಮ್ಮಮ್ಮನನ್ನು ಕೇಳುವ ಹಾಗಿರಲಿಲ್ಲ. ಕಿಸೆಯಲ್ಲಿ ಹಾಕಿಕೊಂಡು ಹೋದದ್ದು ಹೆಬ್ಬೆರಳಿನಷ್ಟಿದ್ದ ಒಂದು ಪಾಸ್‌ಪೋರ್ಟ್ ಫೋಟೋ. ಸ್ಟುಡಿಯೋದವನು ದೊಡ್ಡದು ಮಾಡಿದ. ಮಸುಕಾಗಿತ್ತು ಅಂತ ಹುಬ್ಬಿಗೆ, ಮೀಸೆಗೆ ಬ್ರಷ್ಷಿನಲ್ಲಿ ತೀಡಿದ. ಕಪ್ಪು ಕೋಟು ಕೂಡ ಅವನೇ ಹಾಕಿದ್ದು. ನಿಮ್ಮಪ್ಪ ಜನ್ಮದಲ್ಲಿ ಕೋಟು ತೊಟ್ಟವನಲ್ಲ. ಚೆನ್ನಾಗಿದೆ ಅಂತ ನಾನೂ ದುಡ್ಡು ಕೊಟ್ಟು ತಂದೆ. ನಿನಗೆ ಕಣ್ಣು ಮುಚ್ಚಿದರೆ ಬರೋದು ಆ ಮುಖ ಆದರೆ, ಅದರಲ್ಲಿ ಅರ್ಧ ಸ್ಟುಡಿಯೋದವನ ಕೈ. ತಪ್ಪು ನಿನ್ನದಲ್ಲ. ಇದನ್ನು ನಿನಗೆ ಯಾವತ್ತೋ ಹೇಳಬೇಕಿತ್ತು.

ಇನ್ನೊಂದೂ ಹೇಳಿಬಿಡುತ್ತೇನೆ. ಸಂತೆಪೇಟೆ ಫೋಟೋ ತೆಗೆದವನು ನಾನು, ಅದು ನಿನಗೆ ಗೊತ್ತು. ೧೯೭೬, ದಸರಾ ಸಮಯ. ಗೆಳೆಯನ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಎರಡು ದಿನಕ್ಕೆ ಕೈಗೆ ಸಿಕ್ಕಿತ್ತು. ಒಂದು ರೋಲಿಗೆ ಹನ್ನೆರಡೇ ಫೋಟೋ. ಅದಕ್ಕೇ ನೋಡು, ಪ್ರಿಂಟು ಚೌಕವಾಗಿದೆ. ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಜಂಬೂಸವಾರಿಯ ಆನೆಗಳಿಗೆ ಏಳು ಖರ್ಚು ಮಾಡಿದೆ. ಏಳರಲ್ಲೂ ಮುಂದೆ ನಿಂತವರ ತಲೆಯೇ ಬಂದಿದೆ. ಅಂಗಡಿಗೆ ಅಂತ ಉಳಿಸಿದ್ದು ಒಂದು.

ಆ ಫೋಟೋದ ಎಡ ಅಂಚಿನಲ್ಲಿ, ಅಕ್ಕಿ ಮೂಟೆಯ ಪಕ್ಕ, ಮೊಣಕೈಯಿಂದ ಕೆಳಗಿನ ಒಂದು ತೋಳು ಕಾಣುತ್ತೆ. ಯಾರೋ ಗಿರಾಕಿ ಅಂತ ನಾವೆಲ್ಲ ಹೇಳುತ್ತೇವೆ. ಅದು ನಿಮ್ಮಪ್ಪನ ಕೈ. ಬಾಗಿಲ ನಡುವೆ ತಲೆ ಬಾಚಿಕೊಂಡು, ಶರಟು ಸರಿ ಮಾಡಿಕೊಂಡು ನಿಂತಿದ್ದ. ಹೊಸದಾಗಿ ಬರೆಸಿದ ಬೋರ್ಡು, ಅದರ ಕೆಳಗೆ ನಂಜನಗೂಡು ಹಲ್ಲುಪುಡಿಯ ತಗಡು, ಎಲ್ಲ ಪೂರ್ತಿ ಕಾಣಲಿ ಅಂತ ನಾನೇ "ಸ್ವಲ್ಪ ಪಕ್ಕಕ್ಕೆ ಸರಿಯೋ" ಅಂದೆ. ಸರಿದ. ಇನ್ನೂ ಸರಿ ಅಂದೆ. ಇನ್ನೂ ಸರಿದ. ನಿನ್ನದು ಆಮೇಲೆ ತೆಗೀತೀನಿ ಅಂದೆ. ರೋಲಿನಲ್ಲಿ ನಾಲ್ಕು ಉಳಿದಿತ್ತು, ಅದನ್ನು ಗೆಳೆಯ ತನ್ನ ಮನೆಯವರಿಗೆ ಅಂತ ಇಟ್ಟುಕೊಂಡ. ಮಾರನೇ ವರ್ಷ ನನಗೆ ಕೆಲಸ ಸಿಕ್ಕಿ ಶಿವಮೊಗ್ಗಕ್ಕೆ ಹೋದೆ. ಅಲ್ಲಿ ನನ್ನ ಆಫೀಸಿನವರ ಬೀಳ್ಕೊಡುಗೆ ಫೋಟೋಗಳೇ ಮೂವತ್ತು ಇವೆ. ಅದರಲ್ಲಿರುವ ಅರ್ಧ ಜನರ ಹೆಸರು ನನಗೆ ಗೊತ್ತಿಲ್ಲ.

ಕ್ಯಾಮೆರಾದ ತಪ್ಪು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದೆ. ನಿಮ್ಮ ತಾತನಿಗೂ ಹಾಗೇ ಹೇಳಿದ್ದೆ.

ಏನಾದರೂ ಬುದ್ಧಿ ಹೇಳಿ ಅಂತ ಕೇಳಿದ್ದೀಯ. ನನ್ನ ಹತ್ತಿರ ಏನಿದೆ? ರಾತ್ರಿ ಮಲಗುವ ಹೊತ್ತಿಗೆ ಫೋನಿನಲ್ಲಿ ಆ ಫೋಟೋ ದೊಡ್ಡದು ಮಾಡಿ ನೋಡಬೇಡ. ಹಾಗೆ ಎಳೆದಷ್ಟೂ ಚುಕ್ಕೆ ಚುಕ್ಕೆ ಆಗುತ್ತೆ, ಮುಖ ಸಿಗಲ್ಲ. ನಿನ್ನ ಹತ್ತಿರ ಇರುವ ಪ್ರಿಂಟುಗಳ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಅಂತ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆದಿಡು. ಬಾಲ್ ಪೆನ್ ಬೇಡ, ಗೀರು ಈ ಕಡೆಗೆ ಮೂಡುತ್ತೆ. ಇದು ನೀನು ಕೇಳಿದ್ದಕ್ಕೆ ಉತ್ತರ ಅಲ್ಲ ಅಂತ ಗೊತ್ತು. ನಿಮ್ಮಮ್ಮನನ್ನೂ ಕೇಳು, ಆದರೆ ಅಪ್ಪ ಹೇಗಿದ್ದರು ಅಂತ ಕೇಳಬೇಡ, ಅಳುತ್ತಾಳೆ. ಸಾರಿಗೆ ಉಪ್ಪು ಜಾಸ್ತಿ ಆದರೆ ಏನನ್ನುತ್ತಿದ್ದರು, ಅಂಥದ್ದು ಕೇಳು.

ನನ್ನನ್ನು ಕೇಳಿದರೆ ಹೇಳಲು ನನಗೂ ಬೇಕಾದಷ್ಟಿದೆ. ಆದರೆ ಈ ಒಂಬತ್ತು ದಿನದಲ್ಲಿ ಒಂದು ಹೆದರಿಕೆ ಹುಟ್ಟಿದೆ. ನಾನು ಹೇಳಿದ್ದೆಲ್ಲ ನಾಳೆ ನಿನ್ನ ನೆನಪಾಗಿ ಕೂತುಬಿಡುತ್ತೆ, ಆ ಹಳದಿ ಗೋಡೆಯ ಹಾಗೆ. ಆಗ ನಿನ್ನದು ಯಾವುದು, ನನ್ನದು ಯಾವುದು?

ಅದಕ್ಕೇ ನಿನ್ನ ಕಾಗದವನ್ನು ಮತ್ತೆ ಮೊದಲಿನಿಂದ ಓದಿದೆ. ಎರಡನೇ ಹಾಳೆಯಲ್ಲಿ ಒಂದು ಸಾಲು ಬರೆದು ನೀನೇ ಅರ್ಧ ಹೊಡೆದು ಹಾಕಿದ್ದೀಯ. "ಅಂಗಡಿ ಬಾಗಿಲಿನ ಮೇಲೆ ತಲೆಕೆಳಗಾದ ೭ ಇತ್ತು ಅಂತ ನೆನಪು, ಇದೂ ಯಾವುದೋ ಫೋಟೋದ್ದೇ ಇರಬೇಕು."

ಪುಟ್ಟಿ, ಅದು ಯಾವ ಫೋಟೋದಲ್ಲೂ ಇಲ್ಲ. ಇರಲು ಸಾಧ್ಯವೇ ಇಲ್ಲ.

ನಮ್ಮದು ಹಲಗೆ ಬಾಗಿಲು. ಒಂಬತ್ತು ಹಲಗೆ. ರಾತ್ರಿ ಒಂದೊಂದಾಗಿ ಮೇಲಿನ ಚೌಕಟ್ಟಿನ ಕಚ್ಚಿನೊಳಗೆ ಸಿಕ್ಕಿಸಿ, ಕೆಳಗೆ ಇಳಿಸಿ, ಪಕ್ಕಕ್ಕೆ ತಳ್ಳಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಅದಕ್ಕೇ ಪ್ರತಿ ಹಲಗೆಯ ತುದಿಯಲ್ಲೂ ಕರಿ ಬಣ್ಣದಲ್ಲಿ ಅಂಕಿ. ತಾತ ಬರೆಸಿದ್ದು ಕನ್ನಡ ಅಂಕಿಗಳನ್ನೇ. ದೊಡ್ಡ ಗಡಿಯಾರ ಗೋಪುರದ ಮುಖದ ಮೇಲೆ ಕನ್ನಡ ಅಂಕಿ ಇರುವಾಗ ನಮ್ಮ ಬಾಗಿಲಿಗೇನು ದಾಡಿ ಅನ್ನುತ್ತಿದ್ದರು. ಬೆಳಿಗ್ಗೆ ಬಾಗಿಲು ತೆಗೆದರೆ ಒಂಬತ್ತೂ ಒಳಗೆ, ಮೂಟೆಗಳ ಹಿಂದೆ. ನಾವು ಫೋಟೋ ತೆಗೆದದ್ದು ಅಂಗಡಿ ತೆರೆದಿರುವಾಗ ಮಾತ್ರ. ಮುಚ್ಚಿದ ಬಾಗಿಲಿಗೆ ಯಾರು ರೋಲು ಖರ್ಚು ಮಾಡುತ್ತಾರೆ?

ಏಳನೇ ಹಲಗೆಯ ಬುಡ ಒಂದು ಮಳೆಗಾಲದಲ್ಲಿ ಮೆತ್ತಗಾಯಿತು. ತಾತ ಅದನ್ನು ಬಡಗಿಯ ಕೈಲಿ ತಿರುಗಿಸಿ ಹಾಕಿಸಿದರು, ಹೊಸ ಹಲಗೆಗೆ ದುಡ್ಡು ಯಾಕೆ ಅಂತ. ಎಂಟು ಹಲಗೆಗಳ ಅಂಕಿ ಮೇಲೆ ಇದ್ದರೆ ಅದೊಂದರದು ಕೆಳಗೆ ಬಂತು, ಉಲ್ಟಾ. ಜಗಲಿಯ ಎತ್ತರವೂ ಸೇರಿ ಬೀದಿಯ ನೆಲದಿಂದ ಎರಡು ಮೂರಡಿ ಎತ್ತರದಲ್ಲಿ. ನಮ್ಮ ಮಂಡಿಗಿಂತ ಸ್ವಲ್ಪ ಮೇಲೆ. ಅದು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಐದು ವರ್ಷದ ಮಗುವಿನ ಕಣ್ಣಿಗೆ ನೇರ.

ಯಾರಾದರೂ ನಿನಗೆ ಹೇಳಿರಬಹುದಾ? ಇರಬಹುದು, ಇಲ್ಲ ಅಂತ ಆಣೆ ಇಡಲಾರೆ. ಆದರೆ ಉಲ್ಟಾ ಏಳರ ಕಥೆಯನ್ನು ಯಾರು ಕೂತು ಹೇಳುತ್ತಾರೆ? ನನಗೇ ಮರೆತುಹೋಗಿತ್ತು. ೧೯೯೨ರಲ್ಲಿ ಅಂಗಡಿ ಬಿಟ್ಟುಕೊಟ್ಟಾಗ ಒಂಬತ್ತೂ ಹಲಗೆಗಳನ್ನು ಹಳೇ ಮರದವನಿಗೆ ಕೊಟ್ಟುಬಿಟ್ಟೆ, ಗಾಡಿ ಬಾಡಿಗೆ ಉಳಿದರೆ ಸಾಕು ಅಂತ. ಈಗ ಅಲ್ಲಿ ರೋಲಿಂಗ್ ಶಟರ್ ಇದೆ.

ಆ ೭ ನಿನಗೆ ಕಾಣಬೇಕಾದರೆ ರಾತ್ರಿ ಬಾಗಿಲು ಹಾಕುವ ಹೊತ್ತಿನಲ್ಲಿ ನೀನು ಬೀದಿಯಲ್ಲಿ ನಿಂತಿರಬೇಕು. ಆ ವರ್ಷಗಳಲ್ಲಿ ಬಾಗಿಲು ಹಾಕುತ್ತಿದ್ದವನು ನಿಮ್ಮಪ್ಪ ಒಬ್ಬನೇ. ಮುಖ ಕಾಣದೆ ಇರಬಹುದು. ನಿನ್ನ ಕಣ್ಣಿನ ಮುಂದೆ ಹಲಗೆ ಇತ್ತು, ಅವನು ಬೆನ್ನು ಹಾಕಿ ನಿಂತಿದ್ದ.

ಏಳಾದ ಮೇಲೆ ಎಂಟು, ಒಂಬತ್ತು. ಒಂಬತ್ತರ ಮೇಲೆ ಅಡ್ಡಕ್ಕೆ ಕಬ್ಬಿಣದ ಪಟ್ಟಿ, ಅದಕ್ಕೆ ಬೀಗ. ಬೀಗ ಹಾಕಿದ ಮೇಲೆ ನಿಮ್ಮಪ್ಪ ಮನೆ ಕಡೆ ತಿರುಗುವ ಮುಂಚೆ ಒಂದು ಕೆಲಸ ಮಾಡುತ್ತಿದ್ದ. ಚಿಕ್ಕ ಹುಡುಗನಾಗಿದ್ದಾಗಿನಿಂದ, ಒಂದು ದಿನ ತಪ್ಪದೆ. ಅದೇನು ಅಂತ ನಾನು ಹೇಳಲ್ಲ. ನಿಮ್ಮಮ್ಮನಿಗೆ ಗೊತ್ತಿಲ್ಲ, ಕೇಳಬೇಡ. ನೆನಪಾದರೆ ಬರೆ. ಆಗದಿದ್ದರೂ ಕಾಗದ ಬರೆ.

ದೊಡ್ಡಮ್ಮ ಹುಣಸೇಹಣ್ಣು ಬಿಡಿಸಿಟ್ಟಿದ್ದಾಳೆ, ಬರುವವರ ಕೈಲಿ ಕಳಿಸುತ್ತೇವೆ.

ಇಂತಿ ನಿನ್ನ
ದೊಡ್ಡಪ್ಪ